ಅಜ್ಜಿ, ಮೊಮ್ಮಗ ಇಬ್ಬರೂ ಬರುವಂಥ ಪ್ರಕೃತಿ ನಡಿಗೆ ಬೀದರಿನಲ್ಲಿ ಹೇಗೆ ಮಾಡೋಣ?

ಬೀದರ್ ಓಣಿಯವ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಓಣಿಯವರು ಸೇರಿ ಒಂದು ಭಾನುವಾರ ಪ್ರಕೃತಿ ನಡಿಗೆ ಇಟ್ಟುಕೊಂಡಿದ್ದೆವು. ವಾಟ್ಸಾಪ್‌ನಲ್ಲಿ ಒಂದೇ ಒಂದು ಸಂದೇಶ ಹಾಕಿದ್ದೆ. ಹತ್ತು ಜನ ಬಂದರೆ ಸಾಕು ಅಂದುಕೊಂಡಿದ್ದೆ, ನಲವತ್ತಕ್ಕೂ ಜಾಸ್ತಿ ಜನ ಬಂದರು. ಮಕ್ಕಳು, ಕಾಲೇಜು ಹುಡುಗರು, ಎಪ್ಪತ್ತು ದಾಟಿದವರು, ಎಲ್ಲರೂ. ಇಷ್ಟು ಜನಕ್ಕೆ ಆಸೆ ಇದೆ ಅಂತ ಗೊತ್ತೇ ಇರಲಿಲ್ಲ.

ಆದರೆ ನಡಿಗೆ ಸರಿಯಾಗಲಿಲ್ಲ. ಏಳಕ್ಕೆ ಅಂದದ್ದು, ಹೊರಟಾಗ ಎಂಟು ದಾಟಿತ್ತು. ಅಷ್ಟೂರಿನ ಗುಮ್ಮಟಗಳ ಹತ್ತಿರದಿಂದ ಹೊಲದ ದಾರಿ ಹಿಡಿದು ಐದು ಕಿಲೋಮೀಟರ್ ಅಂತ ಲೆಕ್ಕ ಹಾಕಿದ್ದೆ. ಕ್ಯಾಮೆರಾದವರು ಮುಂದೆ ಹೋದರು. ಮಕ್ಕಳು ಅವರ ಹಿಂದೆ ಓಡಿದರು. ಹಿರಿಯರು ಹಿಂದೆ ಉಳಿದರು. ಒಂಬತ್ತೂವರೆಗೆ ಬಿಸಿಲು ಏರಿತು. ನಮ್ಮ ಅವ್ವ ಒಂದು ಹುಣಸೆ ಮರದ ಕೆಳಗೆ ಕೂತುಬಿಟ್ಟಳು.

ಅವಳನ್ನು ಕರೆದುಕೊಂಡು ಬರಲು ವಾಪಸ್ ಹೋದೆ. ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯೂ ಅವಳ ಜೊತೆ ಕೂತಿದ್ದಳು. ಆ ಹುಡುಗಿಯ ಲಂಗಕ್ಕೆ ಉತ್ತರಾಣಿ ಬೀಜ ಅಂಟಿದ್ದವು. ಅವು ಯಾಕೆ ಅಂಟುತ್ತವೆ, ಹಾಗೆ ಅಂಟಿ ಎಲ್ಲಿಗೆ ಹೋಗುತ್ತವೆ ಅಂತ ಅವ್ವ ಹೇಳುತ್ತಿದ್ದಳು. ಹುಡುಗಿಯ ಕೈಯಲ್ಲಿ ಹಕ್ಕರಕಿ ಸೊಪ್ಪು. ಇದನ್ನು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುತ್ತಾರೆ ಅಂತ ಕೇಳಿ ಅವಳಿಗೆ ಆಶ್ಚರ್ಯ. ಕೂತಲ್ಲೇ, ಒಂದು ಮಾರು ಜಾಗದಲ್ಲಿ, ಇಬ್ಬರೂ ಹನ್ನೊಂದು ಗಿಡ ಎಣಿಸಿದ್ದರು. ಮುಂದೆ ಹೋದ ನಾವು ದೂರದಲ್ಲಿ ಒಂದು ಹದ್ದು ನೋಡಿದ್ದು ಬಿಟ್ಟರೆ ಏನೂ ನೋಡಿರಲಿಲ್ಲ.

ಅವತ್ತಿನಿಂದ ಇದೇ ತಲೆಯಲ್ಲಿದೆ. ತಿಂಗಳಿಗೊಂದು ನಡಿಗೆ ಮಾಡಬೇಕು, ಎಲ್ಲರೂ ಬರುವಂತಿರಬೇಕು. ಎಲ್ಲಿ ಮಾಡೋಣ? ಎಷ್ಟು ದೂರ? ಯಾರು ಹೇಳಿಕೊಡಬೇಕು? ನಿಮ್ಮ ಅನುಭವ ಹೇಳಿ.

ನೌಬಾದ್ ನಿವಾಸಿ:

ನಿಮ್ಮ ಅವ್ವನೇ ಉತ್ತರ ಕೊಟ್ಟುಬಿಟ್ಟಿದ್ದಾರೆ ಅನಿಸುತ್ತದೆ. ದೂರ ಕಡಿಮೆ ಮಾಡಿ. ಒಂದು ಕಿಲೋಮೀಟರ್ ಸಾಕು, ಎರಡು ತಾಸು ಬೇಕು.

ಜಾಗದ ಬಗ್ಗೆ ನನ್ನದೊಂದು ಮಾತು. ಬೀದರಿನಲ್ಲಿ ನಡೆದರೆ ನೀರಿನ ಕಥೆಯಿಂದ ಶುರು ಮಾಡಬೇಕು. ನಮ್ಮ ಊರು ಕೂತಿರುವುದೇ ಒಂದು ಕೆಂಪುಕಲ್ಲಿನ ದಿಬ್ಬದ ಮೇಲೆ. ಬೇರೆ ಕಡೆ ಜಂಬಿಟ್ಟಿಗೆ ಅನ್ನುವುದು ಇದನ್ನೇ. ಇಂಗ್ಲಿಷಿನವರು ಇದಕ್ಕೆ ಲ್ಯಾಟರೈಟ್ ಅಂದರು, ಲ್ಯಾಟಿನ್‌ನಲ್ಲಿ ಆ ಮಾತಿನ ಅರ್ಥವೂ ಇಟ್ಟಿಗೆಯೇ! ಈ ಕಲ್ಲಿನ ತುಂಬ ತೂತು. ಮಳೆ ನೀರು ಸೀದಾ ಒಳಗೆ ಇಳಿಯುತ್ತದೆ. ಕೆಳಗೆ ಕರಿಕಲ್ಲು, ಅದರ ಮೇಲೆ ಜಿಗುಟು ಮಣ್ಣು. ಅಲ್ಲಿ ನೀರು ತಡೆಯುತ್ತದೆ, ಪಕ್ಕಕ್ಕೆ ಹರಿಯುತ್ತದೆ. ದಿಬ್ಬದ ಅಂಚು ಸಿಕ್ಕಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಪಾಪನಾಶ, ನಾನಕ್ ಝೀರಾ, ಝರಣಿ ನರಸಿಂಹ, ಇವೆಲ್ಲ ಹಾಗೆ ನೀರು ಹೊರಗೆ ಬರುವ ಜಾಗಗಳು. ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಿದವರು ಈ ಕಲ್ಲಿನ ಹೊಟ್ಟೆಯೊಳಗೇ ಹೋಗಿ ಬಂದಿದ್ದಾರೆ.

ಈಗ ನಮ್ಮ ನೌಬಾದಿನ ಸುರಂಗ ಬಾವಿ ನೋಡಿ. ಬಹಮನಿ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಇದೇ ಗುಟ್ಟನ್ನು ತಿಳಿದು ನೆಲದೊಳಗೆ ಕಾಲುವೆ ಕೊರೆದರು. ಪರ್ಷಿಯಾದ ಕಡೆಯ ವಿದ್ಯೆ ಅದು, ಕರೇಜ್ ಅನ್ನುತ್ತಾರೆ. ಉದ್ದ ಸುಮಾರು 3 ಕಿಲೋಮೀಟರ್. ನಡುನಡುವೆ ಮೇಲಿನಿಂದ ಬಾವಿಯಂತೆ ಕಿಂಡಿಗಳು. ಪಂಪಿಲ್ಲ, ಏತವಿಲ್ಲ. ಸಣ್ಣ ಇಳಿಜಾರಿನಲ್ಲಿ ನೀರು ತಾನೇ ನಡೆದು ಬರುತ್ತಿತ್ತು. ನಾನು ಚಿಕ್ಕವನಿದ್ದಾಗ ಈ ಕಿಂಡಿಗಳನ್ನು ಹಾಳುಬಾವಿ ಅಂತಲೇ ತಿಳಿದು ಕಲ್ಲು ಎಸೆಯುತ್ತಿದ್ದೆವು. ಇವು ಒಂದಕ್ಕೊಂದು ಸೇರಿವೆ ಅಂತ ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಕಿಂಡಿಯಿಂದ ಮುಂದಿನ ಕಿಂಡಿಗೆ, ಅಲ್ಲಿಂದ ಇನ್ನೊಂದಕ್ಕೆ, ನೆಲದ ಮೇಲೆ ನಿಧಾನವಾಗಿ ನಡೆಯೋಣ. ಕೆಳಗೆ ನೀರಿನ ದಾರಿ, ಮೇಲೆ ನಮ್ಮ ದಾರಿ. ಮಕ್ಕಳನ್ನು ಕಿಂಡಿಯ ಅಂಚಿಗೆ ಬಿಡಬಾರದು, ಅದೊಂದು ಎಚ್ಚರ. ಕಿಂಡಿಗೊಬ್ಬ ದೊಡ್ಡವರು ನಿಂತಿರಬೇಕು.

ಹುಮನಾಬಾದ್ ದಾರಿಹೋಕ:

ಹೌದು. ನಾನು ಮೂವತ್ತು ವರ್ಷ ಆ ಊರಿನಲ್ಲಿ ಓಡಾಡಿದ್ದೇನೆ, ಈ ಕಲ್ಲು-ನೀರಿನ ಸಂಬಂಧ ಇವತ್ತೇ ತಿಳಿದದ್ದು.

ಕ್ಯಾಮೆರಾ ಹಿಡಿದವ:

ಅವತ್ತು ಮುಂದೆ ಹೋದವರಲ್ಲಿ ನಾನೂ ಇದ್ದೆ. ಹಿರಿಯರು ಹಿಂದೆ ಉಳಿದದ್ದು ನನ್ನ ಗಮನಕ್ಕೇ ಬರಲಿಲ್ಲ. ತಪ್ಪಾಯಿತು.

ನನ್ನ ಸಲಹೆ ಹೊನ್ನಿಕೇರಿ ಕಾಡಿನ ಕಡೆ. ಕೃಷ್ಣಮೃಗ ನೋಡಿದರೆ ಮಕ್ಕಳು ಅದನ್ನು ಎಂದೂ ಮರೆಯುವುದಿಲ್ಲ. ಗಂಡಿನ ಸುರುಳಿ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಗುಂಪಾಗಿ ನೆಗೆಯುವಾಗ ಎದೆ ಝಲ್ ಅನ್ನುತ್ತದೆ. ಬೆಂಗಳೂರಿನ ಗೆಳೆಯರಿಗೆ ಬೀದರಿನಲ್ಲಿ ಕೃಷ್ಣಮೃಗ ಇವೆ ಅಂದರೆ ನಂಬುವುದೇ ಇಲ್ಲ.

ಚಿಟ್ಟಾ ಕಡೆಯ ರೈತ:

ನಾವು ಅದಕ್ಕೆ ಚಿಗರಿ ಅನ್ನುತ್ತೇವೆ. ನಮ್ಮ ಹೊಲಕ್ಕೂ ಬರುತ್ತವೆ. ಕಡಲೆ ಮೇಯ್ದು ಹೋಗುತ್ತವೆ, ಹೊಟ್ಟೆ ಉರಿಯುತ್ತದೆ, ಆದರೂ ಅವುಗಳ ಮೇಲೆ ಕೈ ಮಾಡಿದವರಲ್ಲ ನಾವು.

ನಲವತ್ತು ಜನ ಒಟ್ಟಿಗೆ ಹೋಗಬೇಡಿ, ಇದು ನನ್ನ ಬೇಡಿಕೆ. ತಾಯಿ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿ ಮೇಯುತ್ತದೆ. ಮರಿ ಅಲ್ಲಾಡದೆ ಬಿದ್ದಿರುತ್ತದೆ. ಜನ ಹುಲ್ಲಿಗೆ ಇಳಿದರೆ ತಾಯಿ ಹತ್ತಿರ ಬರುವುದಿಲ್ಲ. ಹೋದ ವರ್ಷ ಯಾರೋ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ವೀಡಿಯೋ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಹೆಣ್ಣು ಚಿಗರಿ ತಂತಿಬೇಲಿಗೆ ಬಿದ್ದು ಕಾಲು ಮುರಿದುಕೊಂಡಿತು. ನಾನೂ ನನ್ನ ತಮ್ಮನೂ ಸಂಜೆವರೆಗೆ ಅದರ ಹತ್ತಿರ ಕೂತಿದ್ದೆವು. ಬದುಕಲಿಲ್ಲ.

ಬರುವುದಾದರೆ ಎಂಟು ಹತ್ತು ಜನ ಬನ್ನಿ, ಅರಣ್ಯ ಇಲಾಖೆಗೆ ಹೇಳಿ ಬನ್ನಿ, ದಾರಿ ಬಿಟ್ಟು ಇಳಿಯಬೇಡಿ. ನೆಲವನ್ನೂ ನೋಡಿ ನಡೆಯಿರಿ. ಟಿಟ್ಟಿಭ ಹಕ್ಕಿ ಗೂಡೇ ಕಟ್ಟುವುದಿಲ್ಲ, ಬಯಲಿನ ಹರಳಿನ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಹರಳಿನ ಬಣ್ಣವೇ. ತಲೆ ಮೇಲೆ ಹಾರಿ ಹಾರಿ ಕೂಗುತ್ತಿದೆ ಅಂದರೆ ನೀವು ಅದರ ಮನೆಯೊಳಗೆ ಕಾಲಿಟ್ಟಿದ್ದೀರಿ ಅಂತ ಅರ್ಥ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಕ್ಯಾಮೆರಾ ಹಿಡಿದವ:

ಒಪ್ಪಿದೆ ಅಣ್ಣ. ಎಲ್ಲರ ನಡಿಗೆಗೆ ಹೊನ್ನಿಕೇರಿ ಬೇಡ. ನನ್ನ ಮಾತು ವಾಪಸ್ ತೆಗೆದುಕೊಂಡೆ.

ಭಾಲ್ಕಿಯ ತಾಯಿ:

ನನ್ನ ಮಗನಿಗೆ ಹನ್ನೆರಡು ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪ್ರಕೃತಿ ನಡಿಗೆ ಅಂದರೆ ಎಲ್ಲರೂ "ನೋಡಿ, ನೋಡಿ" ಅನ್ನುತ್ತಾರೆ. ಅದಕ್ಕೇ ನಾವು ಹೋಗುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಸಂಬಂಧಿಕರೊಬ್ಬರು ಒತ್ತಾಯ ಮಾಡಿ ಕಾರಂಜಾ ಜಲಾಶಯದ ದಂಡೆಗೆ ಕರೆದುಕೊಂಡು ಹೋದರು. ನಾವು ಐದೇ ಜನ. ದಂಡೆಯ ಮೇಲೆ ಚಾಪೆ ಹಾಸಿ ಕೂತೆವು. ಹತ್ತು ನಿಮಿಷ ಯಾರೂ ಮಾತಾಡಬಾರದು ಅಂತ ಅವರು ಹೇಳಿದರು. ಹತ್ತು ನಿಮಿಷ ಆದ ಮೇಲೆ, ಏನೇನು ಕೇಳಿಸಿತು ಅಂತ ಕೇಳಿದರು. ನನಗೆ ಎರಡು ಹಕ್ಕಿ ಕೇಳಿಸಿತ್ತು. ನನ್ನ ಮಗ ಏಳು ಹೇಳಿದ. ಯಾವುದು ಎಡಕ್ಕೆ, ಯಾವುದು ನೀರಿನ ಮೇಲೆ, ಯಾವುದು ಮರದಲ್ಲಿ ಅಂತ ಬೆರಳು ಮಾಡಿ ತೋರಿಸಿದ. ಅವನು ತೋರಿಸಿದ ಕಡೆ ನಾವು ನೋಡಿದರೆ ಅಲ್ಲಿ ಹಕ್ಕಿ ಇರುತ್ತಿತ್ತು. ಆ ದಿನ ನಮಗೆಲ್ಲ ಅವನೇ ಗೈಡ್.

ಆಮೇಲೆ ಮರ. ಬೇವಿನ ತೊಗಟೆ, ಹುಣಸೆ ತೊಗಟೆ, ಅರಳಿ ತೊಗಟೆ, ಮೂರನ್ನೂ ಮುಟ್ಟಿಸಿದರು. ಈಗ ಅವನು ಬೆರಳಿನಲ್ಲೇ ಮರ ಗುರುತು ಹಿಡಿಯುತ್ತಾನೆ. ತುಂಬೆ ಹೂ ಕಿತ್ತು ಬುಡದ ಜೇನು ಹೀರಿದ. ಮನೆಗೆ ಬಂದು ಎರಡು ದಿನ ಅದೇ ಮಾತು.

ನೀವು ನಡಿಗೆ ಮಾಡುವಾಗ ದಯವಿಟ್ಟು ಹತ್ತು ನಿಮಿಷ ಸುಮ್ನೆ ಕೂರುವುದನ್ನು ಇಟ್ಟುಕೊಳ್ಳಿ. ಮತ್ತೆ, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಹಕ್ಕಿಗಳನ್ನು ಕರೆಯುವ ಅಭ್ಯಾಸ ಬೇಡ. ಹಕ್ಕಿಗೆ ಅದು ಸುಳ್ಳು ಕರೆ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಗಾಬರಿಯಾಗಿ ಓಡಿ ಬರುತ್ತದೆ.

ಬೀದರ್ ಓಣಿಯವ:

ಅಕ್ಕಾ, ಮುಂದಿನ ನಡಿಗೆಗೆ ನಿಮ್ಮ ಮಗ ಬರಲೇಬೇಕು. ಹತ್ತು ನಿಮಿಷದ ಲೆಕ್ಕ ಅವನೇ ಹಿಡಿಯಲಿ.

ಕಲಬುರಗಿ ನರ್ಸ್:

ಸ್ವಲ್ಪ ಸುರಕ್ಷತೆಯ ಮಾತು. ಇದನ್ನು ಬೇಸರವಿಲ್ಲದೆ ಓದಿ.

ನಮ್ಮ ಕಡೆ ಮೊದಲ ಶತ್ರು ಬಿಸಿಲು. ಕಲಬುರಗಿಯಲ್ಲಿ ಬೇಸಿಗೆ 42 ಡಿಗ್ರಿ ದಾಟುತ್ತದೆ. ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು, ಆದರೂ ಮಾರ್ಚಿನಿಂದ ಮೇವರೆಗೆ ಎಂಟು ಗಂಟೆಯೊಳಗೆ ಎಲ್ಲರೂ ಮನೆ ಸೇರಿರಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರು ಖಾಲಿ ಹೊಟ್ಟೆಯಲ್ಲಿ ಬರಬಾರದು. ಒಬ್ಬರ ಚೀಲದಲ್ಲಿ ಓಆರ್‌ಎಸ್ ಇರಲಿ.

ಎರಡನೆಯದು ಹೆಜ್ಜೇನು. ಹಳೆಯ ಗುಮ್ಮಟ, ಕೋಟೆಯ ಕಮಾನು, ದೊಡ್ಡ ಆಲದ ಮರ, ಇಂಥ ಕಡೆ ತಟ್ಟಿ ಕಟ್ಟಿರುತ್ತವೆ. ನಿಲ್ಲುವ ಮೊದಲು ತಲೆ ಎತ್ತಿ ನೋಡಿ. ಅತ್ತರು ಹಾಕಿಕೊಂಡು ಬರಬೇಡಿ, ಕೆಳಗೆ ಹೊಗೆ ಮಾಡಬೇಡಿ, ಮಕ್ಕಳು ಕಲ್ಲು ಎಸೆಯದಂತೆ ನೋಡಿ.

ಮೂರನೆಯದು ಹಾವು. ಕಲ್ಲುಸಂದಿಗೆ ಕೈ ಹಾಕಬಾರದು, ಕಾಲಿಗೆ ಬೂಟು ಇರಬೇಕು. ನಮ್ಮ ಕಡೆಯ ಕಲ್ಲುಭೂಮಿಯಲ್ಲಿ ಗರಗಸ ಮಂಡಲ ಇರುತ್ತದೆ, ಗೇಣುದ್ದ ಮೊಳದುದ್ದದ ಸಣ್ಣ ಹಾವು, ಮಣ್ಣಿನ ಬಣ್ಣ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಾಲು ಅಲ್ಲಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ. ವಿಷಕ್ಕೆ ಮದ್ದು ಅಲ್ಲಿ ಮಾತ್ರ ಇದೆ. ನಾಟಿ ಮದ್ದು ಅಂತ ಎರಡು ತಾಸು ಕಳೆದು ಬಂದವರನ್ನು ನಾನು ನೋಡಿದ್ದೇನೆ. ಆ ಎರಡು ತಾಸು ಯಾರಿಗೂ ವಾಪಸ್ ಸಿಗಲಿಲ್ಲ.

ಮನೆಯಾಕೆ, ಮೈಲೂರು ರಸ್ತೆ:

ಯಾರೂ ಹೇಳದ ಒಂದು ಮಾತು ನಾನು ಹೇಳುತ್ತೇನೆ. ಶೌಚಾಲಯ. ಮೂರು ತಾಸಿನ ನಡಿಗೆಗೆ ಹೆಂಗಸರು, ವಯಸ್ಸಾದವರು ಯಾಕೆ ಬರುವುದಿಲ್ಲ ಅಂದರೆ ಇದೇ ಕಾರಣ. ನೀರು ಕುಡಿಯದೆ ಬರುತ್ತೇವೆ, ಬಿಸಿಲಲ್ಲಿ ತಲೆ ಸುತ್ತುತ್ತದೆ. ಶುರುವಾಗುವ ಜಾಗದಲ್ಲಿ ಶೌಚಾಲಯ ಇದೆಯಾ, ತೆರೆದಿರುತ್ತದೆಯಾ ಅಂತ ಹಿಂದಿನ ದಿನ ಹೋಗಿ ನೋಡಿ ಬನ್ನಿ.

ಬೀದರ್ ಓಣಿಯವ:

ಹೋದ ಸಲ ಅವ್ವ ಬೆಳಿಗ್ಗೆ ನೀರೇ ಕುಡಿದಿರಲಿಲ್ಲ. ಯಾಕೆ ಅಂತ ಈಗ ತಿಳಿಯಿತು. ಧನ್ಯವಾದ.

ಔರಾದಿನ ನಿವೃತ್ತ ಮೇಷ್ಟ್ರು:

ಯಾವ ಭಾಷೆಯಲ್ಲಿ ಹೇಳಿಕೊಡುತ್ತೀರಿ? ಇದನ್ನೂ ಯೋಚಿಸಿ. ನಮ್ಮ ಜಿಲ್ಲೆಯಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುತ್ತಾರೆ. ನಾನು ಶಾಲೆಯಲ್ಲಿ ಒಂದು ಆಟ ಆಡಿಸುತ್ತಿದ್ದೆ. ಒಂದು ಮರದ ಕೆಳಗೆ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ ಅಂತ ಕೇಳುವುದು. ಹುಣಸೆಗೆ ಒಬ್ಬ ಇಮ್ಲಿ ಅನ್ನುತ್ತಿದ್ದ, ಇನ್ನೊಬ್ಬ ಚಿಂಚ, ಮತ್ತೊಬ್ಬಳು ಚಿಂತ. ಸೀತಾಫಲಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಸೀತಾಫಲ ಅಂತ ಕೂಗುತ್ತಿದ್ದರು.

ಮುತ್ತುಗಕ್ಕೆ ಮರಾಠಿಯಲ್ಲಿ ಪಳಸ, ತೆಲುಗಿನಲ್ಲಿ ಮೋದುಗ. "ಪಳಸಾಲಾ ಪಾನೆ ತೀನಚ್" ಅಂತ ಮರಾಠಿಯಲ್ಲಿ ಗಾದೆ ಇದೆ, ಎಲ್ಲಿ ಹೋದರೂ ಮುತ್ತುಗಕ್ಕೆ ಎಲೆ ಮೂರೇ ಅಂತ. ಗಾದೆ ಹೇಳಿ ಟೊಂಗೆ ತೋರಿಸಿದರೆ ಮಕ್ಕಳು ಎಲೆ ಎಣಿಸಿಯೇ ಎಣಿಸುತ್ತಾರೆ. ಗಿಡ ಆಮೇಲೆ ಮರೆಯುವುದಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆಯೆಲ್ಲ ಉದುರಿ ಮರ ಪೂರ್ತಿ ಕೇಸರಿ ಹೂವಾದಾಗ ಇನ್ನೊಂದು ಸಲ ಕರೆದುಕೊಂಡು ಹೋಗಿ. ಅದೇ ಮರಕ್ಕೆ. ಹೋಳಿಗೆ ಆ ಹೂವಿನಿಂದ ಬಣ್ಣ ಮಾಡುತ್ತಿದ್ದದ್ದನ್ನು ಅಜ್ಜಿಯರು ಹೇಳಲಿ.

ಪಟ್ಟಿ ಪ್ರಿಯ:

ಎಲ್ಲ ಸರಿ, ಆದರೆ ನನಗೊಂದು ಅನುಮಾನ. ತಿಳಿದವರು ಒಬ್ಬರೂ ಇಲ್ಲದೆ ಹೋದರೆ ತಪ್ಪು ಹೆಸರೇ ಕಲಿಯುವುದಿಲ್ಲವಾ? ಪುಸ್ತಕ ಬೇಕು, ದುರ್ಬೀನು ಬೇಕು, ಎಷ್ಟು ಜಾತಿ ನೋಡಿದೆವು ಅಂತ ಬರೆದಿಡಬೇಕು. ಇಲ್ಲದಿದ್ದರೆ ಅದು ಬರೀ ವಾಯುವಿಹಾರ ಆಗುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರು 1931ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಇಳಿದಾಗ ಬೀದರ್, ಕಲಬುರಗಿ ಎರಡೂ ಆ ಸಂಸ್ಥಾನದಲ್ಲೇ ಇದ್ದವು. ಅವರು ಬರೆದಿಟ್ಟಿದ್ದಕ್ಕೇ ಆ ಕಾಲದಲ್ಲಿ ಏನಿತ್ತು ಅಂತ ಇವತ್ತು ಗೊತ್ತಾಗುವುದು.

ಔರಾದಿನ ನಿವೃತ್ತ ಮೇಷ್ಟ್ರು:

ಬರೆಯುವುದು ಬೇಡ ಅನ್ನುತ್ತಿಲ್ಲ. ನೂರು ಜಾತಿ ನೋಡಬೇಕು ಅನ್ನುವ ಅವಸರ ಬೇಡ ಅಂತಷ್ಟೇ. ಅವಸರದಲ್ಲೇ ಆ ಅವ್ವ ಹಿಂದೆ ಉಳಿದದ್ದು.

ಪಟ್ಟಿ ಪ್ರಿಯ:

ಆ ಮಾತು ಒಪ್ಪುತ್ತೇನೆ. ಹಾಗಾದರೆ ಇಬ್ಬರಿಗೂ ಒಗ್ಗುವ ದಾರಿ ಇದೆ. ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಜಗತ್ತಿನ ಎಲ್ಲ ಕಡೆ ಜನ ಸೇರಿ ಹಕ್ಕಿ ಎಣಿಸುವುದು ನಡೆಯುತ್ತದೆ. ಭಾರತದವರು 2013ರಿಂದ ಸೇರುತ್ತಿದ್ದಾರೆ. ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿ ಹಕ್ಕಿ ಎಣಿಸಿ, ಹಕ್ಕಿ ಲೆಕ್ಕ ದಾಖಲಿಸುವ ಇಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಸಾಕು. ಮನೆ ಮಾಳಿಗೆಯಿಂದಲೂ ಮಾಡಬಹುದು. ಮಂಡಿ ನೋವಿನವರೂ ಮಾಡಬಹುದು. ಅಲ್ಲಿಯವರೆಗೆ ಪ್ರತಿ ತಿಂಗಳು 15 ನಿಮಿಷ ಅಭ್ಯಾಸ ಮಾಡೋಣ. ಬರೆಯುವ ಕೆಲಸ ನನ್ನದು. ಹೆಸರು ಗೊತ್ತಾಗದ ಹಕ್ಕಿಯನ್ನು ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.

ಸುರಪುರದ ವಿದ್ಯಾರ್ಥಿ:

ಚಳಿಗಾಲದಲ್ಲಿ ನಮ್ಮ ಯಾದಗಿರಿ ಜಿಲ್ಲೆಗೂ ಬನ್ನಿ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ದೂರದೂರದಿಂದ ಹಕ್ಕಿಗಳು ಬರುತ್ತವೆ. ಕೆರೆ ಏರಿಯ ಮೇಲೆ ನಿಂತರೆ ಸಾಕು, ಜಾಸ್ತಿ ನಡೆಯಬೇಕಾಗಿಯೇ ಇಲ್ಲ. ನಮ್ಮಜ್ಜ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ದಾರಿಯಲ್ಲಿ ಶಹಾಪುರದ ಹತ್ತಿರ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟದ ಸಾಲು ಇದೆ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ.

ಚಿಂಚೋಳಿ ಕಾಡುದಾರಿ:

ನಮ್ಮ ಚಿಂಚೋಳಿ ವನ್ಯಧಾಮವೂ ಇದೆ. 2011ರಲ್ಲಿ ಘೋಷಣೆಯಾಯಿತು, 134.88 ಚದರ ಕಿಲೋಮೀಟರ್. ಕಲಬುರಗಿ ಜಿಲ್ಲೆ ಅಂದರೆ ಬರೀ ತೊಗರಿ ಹೊಲ, ಬಿಸಿಲು ಅಂದುಕೊಂಡವರು ಚಂದ್ರಂಪಳ್ಳಿ ಅಣೆಕಟ್ಟಿನ ಹತ್ತಿರ ಮಳೆಗಾಲ ಮುಗಿದ ಮೇಲೆ ಒಂದು ಸಲ ನಿಲ್ಲಬೇಕು. ಸುತ್ತಲೂ ಹಸಿರು ಗುಡ್ಡ, ನಡುವೆ ನೀರು. ಕಾಡಿನೊಳಗೆ ಹೋಗಲು ಅನುಮತಿ ಬೇಕು, ಸಿಬ್ಬಂದಿ ಜೊತೆಗಿರಬೇಕು. ಅಲ್ಲಿನ ತಾಂಡಾದ ಹಿರಿಯರನ್ನು ಮಾತಾಡಿಸಿ. ಯಾವ ಗಿಡ ಯಾವ ತಿಂಗಳು ಚಿಗುರುತ್ತದೆ ಅನ್ನುವುದು ಅವರ ಬಾಯಲ್ಲೇ ಇದೆ. ಮಾತಾಡಿಸಿದ ಮೇಲೆ ಸುಮ್ನೆ ಬರಬೇಡಿ, ಅವರ ಅರ್ಧ ದಿನದ ಕೂಲಿ ಕೊಟ್ಟು ಬನ್ನಿ. ತಿಳಿವಳಿಕೆಗೂ ಬೆಲೆ ಇದೆ ಅಲ್ವಾ.

ಚಿಟ್ಟಾ ಕಡೆಯ ರೈತ:

ನಾನು ಮತ್ತೆ ಬಂದೆ. ಮನೆಯಲ್ಲಿ ಈ ಚರ್ಚೆಯನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಕೇಳಿದ ಪ್ರಶ್ನೆ ಇದು: ಎಳ್ಳಮಾವಾಸ್ಯೆ ದಿನ ನಾವೆಲ್ಲ ಮಾಡುವುದು ಮತ್ತೇನು?

ಅವಳು ಹೇಳಿದ್ದು ಸರಿ. ಅವತ್ತು ಊರಿನಲ್ಲಿ ಯಾರೂ ಇರುವುದಿಲ್ಲ. ಹಸುಗೂಸಿನಿಂದ ಮುತ್ತಜ್ಜಿವರೆಗೆ ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಕೊಂಪೆ, ಪಾಂಡವರ ಪೂಜೆ, ಹೊಲದ ತುಂಬ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯ, ಚೆಲ್ಲುವುದು. ಆಮೇಲೆ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಬಜ್ಜಿಗೆ ಹಾಕುವ ಕಾಯಿ, ಕಾಳು, ಸೊಪ್ಪು ಎಷ್ಟಿವೆ ಅಂತ ಮಕ್ಕಳಿಗೆ ಎಣಿಸಲು ಹೇಳಿ, ಅದೇ ಒಂದು ಪಾಠ ಆಗುತ್ತದೆ. ಅವತ್ತು ಯಾರೂ ಯಾರನ್ನೂ ಹಿಂದೆ ಬಿಟ್ಟು ಹೋಗುವುದಿಲ್ಲ, ಬುತ್ತಿ ಗಂಟು ಇರುವುದು ಅಜ್ಜಿಯ ಹತ್ತಿರ. ಜೋಳ ತೆನೆ ಕಟ್ಟುವ ಈ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳೂ ಗುಂಪುಗುಂಪಾಗಿ ಇಳಿಯುತ್ತವೆ. ಅವು ಮಧ್ಯ ಏಷ್ಯಾದಿಂದ ಬರುತ್ತವೆ ಅಂತ ನನ್ನ ಮಗಳು ಹೇಳಿದಳು. ತೆನೆ ತಿನ್ನುತ್ತವೆ, ಹುಳವನ್ನೂ ತಿನ್ನುತ್ತವೆ.

ಈ ಸಲ ಊರಲ್ಲಿ ಹೊಲ ಇಲ್ಲದವರು, ಬಾಡಿಗೆ ಮನೆಯವರು, ಬೇರೆ ಜಿಲ್ಲೆಯಿಂದ ನೌಕರಿಗೆ ಬಂದವರು, ಯಾರಾದರೂ ನಮ್ಮ ಹೊಲಕ್ಕೆ ಬನ್ನಿ. ಮೊದಲೇ ಹೇಳಿದರೆ ಅಡುಗೆಗೆ ಅಂದಾಜು ಸಿಗುತ್ತದೆ.

ಮನೆಯಾಕೆ, ಮೈಲೂರು ರಸ್ತೆ:

ನಾವು ನಾಲ್ಕು ಜನ ಬರುತ್ತೇವೆ. ರೊಟ್ಟಿ ತಟ್ಟಲು ನಾನು ಹಿಂದಿನ ದಿನವೇ ಬರಲಾ?

ಬೀದರ್ ಓಣಿಯವ:

ಎಲ್ಲ ಓದಿದೆ. ಅವ್ವನಿಗೂ ಓದಿ ಹೇಳಿದೆ. ನಾನು ಅಂದುಕೊಂಡಿದ್ದು ಹೀಗಿದೆ, ಬದಲಾಯಿಸಬೇಕಾದರೆ ಹೇಳಿ.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ, ಬರೀದ್ ಶಾಹಿ ಗೋರಿಗಳ ಉದ್ಯಾನದ ಬಾಗಿಲಲ್ಲಿ ಸೇರೋಣ. ನೆಲ ಸಮತಟ್ಟಾಗಿದೆ, ಊರಿಗೆ ಹತ್ತಿರ. ನಾಲ್ಕೂ ಕಡೆ ತೆರೆದ ಅಲೀ ಬರೀದನ ಗುಮ್ಮಟದ ಹತ್ತಿರ ಗಾಳಿ ಚೆನ್ನಾಗಿ ಬೀಸುತ್ತದೆ, ಜೇನುತಟ್ಟಿ ಇದೆಯಾ ಅಂತ ಶನಿವಾರ ಹೋಗಿ ನೋಡಿ ಬರುತ್ತೇನೆ. ಶೌಚಾಲಯವನ್ನೂ ಆಗಲೇ ನೋಡುತ್ತೇನೆ. ಮೂವತ್ತು ಜನರಿಗಿಂತ ಜಾಸ್ತಿ ಆದರೆ ಎರಡು ಗುಂಪು. ಪ್ರತಿ ಗುಂಪಿನ ಮುಂದೆ ಒಬ್ಬ ಹಿರಿಯರು ನಡೆಯುತ್ತಾರೆ. ಅವರನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ, ಕ್ಯಾಮೆರಾದವರೂ. ಮಧ್ಯದಲ್ಲಿ ಹತ್ತು ನಿಮಿಷ ಮೌನ, ಆಮೇಲೆ 15 ನಿಮಿಷ ಎಣಿಕೆ. ಎಂಟೂವರೆಗೆ ಮುಗಿಯುತ್ತದೆ. ಹಣ ಇಲ್ಲ. ನೀರಿನ ಬಾಟಲಿ, ಒಂದು ಲೋಟ ಮನೆಯಿಂದ ತನ್ನಿ, ಪ್ಲಾಸ್ಟಿಕ್ ಕಪ್ ಬೇಡ.

ಹನ್ನೆರಡು ತಿಂಗಳು ಅದೇ ಜಾಗಕ್ಕೆ ಹೋಗೋಣ. ಎಲೆ ಉದುರುವುದು, ಚಿಗುರುವುದು, ಗೀಜಗ ಗೂಡು ಕಟ್ಟುವುದು, ಮೊದಲ ಮಳೆಗೆ ನೆಲ ಬದಲಾಗುವುದು, ಎಲ್ಲ ಅಲ್ಲೇ ನೋಡೋಣ. ನೌಬಾದಿನ ಸುರಂಗ ಬಾವಿಯ ದಾರಿಗೆ ಮಳೆಗಾಲ ಕಳೆದ ಮೇಲೆ ಒಂದು ದಿನ ಬೇರೆಯಾಗಿಯೇ ಇಟ್ಟುಕೊಳ್ಳೋಣ. ಎಳ್ಳಮಾವಾಸ್ಯೆಗೆ ಚಿಟ್ಟಾದ ಅಣ್ಣನ ಹೊಲ. ನಾವು ಆರು ಜನ.

ಭಾಲ್ಕಿಯ ತಾಯಿ:

ನಾವು ಆರು ಗಂಟೆಗೇ ಬಂದಿರುತ್ತೇವೆ. ಬೇರೆಯವರು ಬರುವ ಮೊದಲು ಆ ಜಾಗದ ಸದ್ದು ಕೇಳಬೇಕಂತೆ ಅವನಿಗೆ.

ಕ್ಯಾಮೆರಾ ಹಿಡಿದವ:

ಓಣಿಯ ಅವ್ವನಿಗೆ ಮಡಚುವ ಸ್ಟೂಲ್ ತರುತ್ತೇನೆ. ಅವರು ಎಲ್ಲಿ ಕೂರುತ್ತಾರೋ ಅಲ್ಲೇ ನಾನೂ ಕೂರುತ್ತೇನೆ.